ಸಿಗಂದೂರು ಸೇತುವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಕಟ್ಟಿರುವ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅದರ ಬಗ್ಗೆ ಮೇಲಿಂದ ಮೇಲೆ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಈ ಸೇತುವೆ ಎಲ್ಲಿದೆ?

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿದೆ. ಸಾಗರ ಪಟ್ಟಣದಿಂದ ಆವಿನಹಳ್ಳಿಯ ಮೇಲೆ ಬರುವ ರಸ್ತೆ ಅಂಬಾರಗೋಡ್ಲುವಿನಲ್ಲಿ ಹಿನ್ನೀರಿನ ದಡ ಮುಟ್ಟುತ್ತದೆ. ಸೇತುವೆಗೆ ಮೊದಲು ಜನ, ವಾಹನಗಳನ್ನು ದಾಟಿಸುವ ದೊಡ್ಡ ದೋಣಿಯಾದ ಲಾಂಚನ್ನು ಹತ್ತುತ್ತಿದ್ದ ಆ ಕಡವನ್ನು ಸುತ್ತಲಿನ ಜನ ಹೊಳೆಬಾಗಿಲು ಎಂದೇ ಕರೆಯುತ್ತಾರೆ. ಎದುರು ದಡದ ಊರು ಕಳಸವಳ್ಳಿ. ಅಲ್ಲಿಂದ ಕೆಲವೇ ಕಿಲೋಮೀಟರ್ ಮುಂದೆ ಸಿಗಂದೂರು ಚೌಡೇಶ್ವರಿ ದೇವಸ್ಥಾನವಿದೆ. ಅದನ್ನೂ ದಾಟಿದರೆ ತುಮರಿ, ಬ್ಯಾಕೋಡು ಮೊದಲಾದ ಊರುಗಳಿರುವ ಕರೂರು ಮತ್ತು ಭಾರಂಗಿ ಹೋಬಳಿಗಳ ಸೀಮೆ. ಸೇತುವೆ ರಾಷ್ಟ್ರೀಯ ಹೆದ್ದಾರಿ 369ಇಯ ಭಾಗವಾಗಿದೆ.

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಸಿಗಂದೂರು ಸೇತುವೆ, ತುಮರಿ ಸೇತುವೆ ಎಲ್ಲವೂ ಒಂದೇ ಏನು?

ಹೌದು, ಒಂದೇ. ಕಾಮಗಾರಿಯ ಕಡತಗಳಲ್ಲಿ ಎರಡೂ ದಡದ ಊರುಗಳ ಹೆಸರಿದೆ, ಭಕ್ತರ ಬಾಯಲ್ಲಿ ದೇವಿಯ ಹೆಸರಿದೆ, ಆಚೆ ದಡದ ರೈತರು ತಮ್ಮ ಊರಿನ ಹೆಸರು ಹಿಡಿದು ಹೇಳುತ್ತಾರೆ.

ಸೇತುವೆ ದಾಟುವುದು ನದಿಯನ್ನೋ, ಸರೋವರವನ್ನೋ?

ನೋಡುವವರಿಗೆ ಅದು ಸರೋವರದಂತೆಯೇ ಕಾಣುತ್ತದೆ. ವಾಸ್ತವದಲ್ಲಿ ಅದು ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ನಿಂತ ಶರಾವತಿಯ ನೀರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುವ ಈ ನದಿಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಪೂರ್ಣಗೊಂಡಿತು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 151 ಟಿಎಂಸಿ ಅಡಿ, ತುಂಬಿದಾಗ ನೀರು ಹರಡುವ ಪ್ರದೇಶ ಸುಮಾರು 300 ಚದರ ಕಿಲೋಮೀಟರ್. ಮಲೆನಾಡಿನ ಗುಡ್ಡ, ಕಣಿವೆಗಳ ನಡುವೆ ನೀರು ತುಂಬಿದ್ದರಿಂದ ಜಲಾಶಯಕ್ಕೆ ಒಂದು ನೆಟ್ಟನೆಯ ಆಕಾರವಿಲ್ಲ. ಕಣಿವೆಗಳೆಲ್ಲ ನೀರಾದವು, ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದವು, ನದಿ ಇದ್ದಾಗ ದೋಣಿಯಲ್ಲಿ ಕ್ಷಣದಲ್ಲಿ ದಾಟುತ್ತಿದ್ದ ಜಾಗ ಎರಡು ಕಿಲೋಮೀಟರಿಗೂ ಮೀರಿದ ನೀರಿನ ಹರವಾಯಿತು.

ಅದಕ್ಕೂ ಹಿಂದೆ, 1948ರ ಹೊತ್ತಿಗೆ, ಇದೇ ನದಿಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆಯನ್ನು ಕಟ್ಟಿಯಾಗಿತ್ತು. ಲಿಂಗನಮಕ್ಕಿ ತುಂಬಿದಾಗ ಆ ಹಳೆಯ ಅಣೆಕಟ್ಟೆಯೇ ಮುಳುಗಿಹೋಯಿತು. ಆದ್ದರಿಂದ ಈ ಭಾಗದ ಹಿರಿಯರು ಮುಳುಗಡೆಯ ಮಾತೆತ್ತಿದರೆ ಎರಡು ಮುಳುಗಡೆಗಳ ಕಥೆ ಹೇಳುತ್ತಾರೆ. ಮೊದಲನೆಯದರಲ್ಲಿ ಗದ್ದೆ ಕಳೆದುಕೊಂಡು ಮೇಲಕ್ಕೆ ಬಂದು ತೋಟ ಮಾಡಿದವರಲ್ಲಿ ಕೆಲವರನ್ನು ಎರಡನೆಯದು ಮತ್ತೆ ಎಬ್ಬಿಸಿತು.

ಆಚೆ ದಡವನ್ನು ದ್ವೀಪ ಎನ್ನುತ್ತಾರೆ. ಅದು ನಿಜವಾದ ದ್ವೀಪವೇ?

ಭೂಪಟದ ಲೆಕ್ಕದಲ್ಲಿ ಅಲ್ಲ. ಒಂದು ಕಡೆ ಪಶ್ಚಿಮಘಟ್ಟದ ಕಾಡು, ಉಳಿದ ಕಡೆಗಳಲ್ಲಿ ಹಿನ್ನೀರು. ಕಾಡಿನ ಕಡೆಯಿಂದ ನಿಟ್ಟೂರು, ಹೊಸನಗರದ ಮೇಲೆ ಒಂದು ದಾರಿಯಿತ್ತು, ಕೋಗಾರು ಘಾಟಿಯ ಮೂಲಕ ಭಟ್ಕಳದ ಕಡೆಗೆ ಇನ್ನೊಂದಿತ್ತು. ಆದರೆ ತಾಲ್ಲೂಕು ಕಚೇರಿ, ದೊಡ್ಡ ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲವೂ ಸಾಗರದಲ್ಲಿವೆ, ಸಾಗರ ನೀರಿನ ಈಚೆಗಿದೆ. ನೀರಿನಾಚೆ ಕಣ್ಣಿಗೆ ಕಾಣುವ ದಡಕ್ಕೆ ರಸ್ತೆಯಲ್ಲಿ ಹೋಗಬೇಕಾದರೆ ಘಟ್ಟದ ತಿರುವುಗಳಲ್ಲಿ ಗಂಟೆಗಟ್ಟಲೆ ಸುತ್ತಬೇಕಿತ್ತು. ಹಾಗಾಗಿ ಅಲ್ಲಿನವರು ತಮ್ಮನ್ನು ತಾವು ದ್ವೀಪದವರು ಎಂದು ಕರೆದುಕೊಂಡದ್ದರಲ್ಲಿ ಉತ್ಪ್ರೇಕ್ಷೆ ಕಡಿಮೆ.

ಸೇತುವೆ ಬರುವ ಮೊದಲು ಜನ ಹೇಗೆ ದಾಟುತ್ತಿದ್ದರು?

ಲಾಂಚಿನಲ್ಲಿ. ಒಳನಾಡು ಜಲಸಾರಿಗೆ ಇಲಾಖೆ ನಡೆಸುತ್ತಿದ್ದ ಈ ಸೇವೆಯೇ ಸುಮಾರು ಆರು ದಶಕಗಳ ಕಾಲ ಈ ಸೀಮೆಯ ಹೆದ್ದಾರಿಯಾಗಿತ್ತು. ಲಾಂಚ್ ಎಂದರೆ ಚಪ್ಪಟೆ ಹಲಗೆಯ ದೊಡ್ಡ ದೋಣಿ. ದಡ ಮುಟ್ಟಿದೊಡನೆ ಅದರ ಮುಂಭಾಗದ ಕಬ್ಬಿಣದ ತಟ್ಟೆಯನ್ನು ಕೆಳಗಿಳಿಸುತ್ತಿದ್ದರು, ಒಂದೊಂದಾಗಿ ವಾಹನಗಳು ಏರುತ್ತಿದ್ದವು. ಕಾರು, ಜೀಪು, ಗೊಬ್ಬರ ತುಂಬಿದ ಗಾಡಿ ಮಾತ್ರವಲ್ಲ, ಪ್ರಯಾಣಿಕರ ಬಸ್ಸೇ ಲಾಂಚ್ ಏರಿ ಆಚೆ ದಡದಲ್ಲಿ ಇಳಿದು ಮುಂದೆ ಹೋಗುತ್ತಿತ್ತು. ವಾಹನಗಳ ಸಂದಿಯಲ್ಲಿ ಹಾಲಿನ ಕ್ಯಾನು, ಅಡಿಕೆ ಮೂಟೆ, ಶಾಲೆಯ ಚೀಲ ಹಿಡಿದವರು ಒತ್ತಾಗಿ ನಿಲ್ಲುತ್ತಿದ್ದರು. ಹೊಸದಾಗಿ ಬಂದ ಪ್ರವಾಸಿಗಳು ಕಟಕಟೆಗೆ ಆತು ಫೋಟೋ ತೆಗೆಯುತ್ತಿದ್ದರೆ, ಊರಿನವರು ಅವರ ಬೆನ್ನ ಹಿಂದೆ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಗಡಿಯಾರ ನೋಡಲು ಕಾರಣವಿತ್ತು. ಸಂಜೆ ಕೊನೆಯ ಲಾಂಚ್ ಹೊರಟ ಮೇಲೆ ಬೆಳಗಾಗುವವರೆಗೆ ದಾಟುವ ದಾರಿಯಿರಲಿಲ್ಲ. ಸಾಗರದ ನ್ಯಾಯಾಲಯದಲ್ಲೋ ಬ್ಯಾಂಕಿನಲ್ಲೋ ಕೆಲಸ ತಡವಾದರೆ ನೆಂಟರ ಮನೆಯಲ್ಲಿ ಉಳಿಯಬೇಕಿತ್ತು. ಶನಿವಾರ, ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ಸಿಗಂದೂರಿಗೆ ಬರುವ ವಾಹನಗಳ ಸಾಲು ದಡದಿಂದ ಬಹು ದೂರದವರೆಗೆ ಬೆಳೆಯುತ್ತಿತ್ತು. ಆ ಸಾಲಿನಲ್ಲಿ ಸ್ಥಳೀಯರ ಗಾಡಿಗೂ ಪ್ರವಾಸಿಗರ ಗಾಡಿಗೂ ವ್ಯತ್ಯಾಸ ಮಾಡುವುದು ಹೇಗೆಂಬ ಜಗಳ ಸದಾ ಇದ್ದೇ ಇತ್ತು. ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ, ಹಾವು ಕಚ್ಚಿದರೆ, ಎದೆನೋವು ಬಂದರೆ, ಲಾಂಚಿನವರನ್ನು ಎಬ್ಬಿಸಿ ಕರೆತರಬೇಕು ಅಥವಾ ಘಟ್ಟ ಸುತ್ತಬೇಕು. ಈ ಸೇತುವೆಯ ಬಗ್ಗೆ ಏನೇ ಬರೆದರೂ ಮೊದಲು ಬರೆಯಬೇಕಾದದ್ದು ಈ ರಾತ್ರಿಗಳ ಬಗ್ಗೆ ಎಂಬುದು ನನ್ನ ಅಭಿಪ್ರಾಯ.

ಬೇಸಿಗೆಯಲ್ಲಿ ಇನ್ನೊಂದು ತೊಡಕು. ನೀರು ಇಳಿದಂತೆ ದಡ ಹಿಂದೆ ಸರಿಯುತ್ತದೆ, ಕಟ್ಟಿದ ಕಟ್ಟೆಗೆ ಲಾಂಚ್ ತಾಗುವುದಿಲ್ಲ. ಆಗ ವಾಹನಗಳನ್ನು ನಿಲ್ಲಿಸಿ ಜನರನ್ನು ಮಾತ್ರ ದಾಟಿಸುತ್ತಿದ್ದರು. 2023ರ ಜೂನ್‌ನಲ್ಲಿ ಮುಂಗಾರು ತಡವಾದಾಗ ಹೀಗೇ ಆಯಿತು.

ಸೇತುವೆಗೆ ಇಷ್ಟು ವರ್ಷ ಬೇಕಾಯಿತೇಕೆ?

ಬೇಡಿಕೆ ಹಳೆಯದು. ನಾಡಿನ ವಿದ್ಯುತ್ತಿಗಾಗಿ ಊರು ಬಿಟ್ಟುಕೊಟ್ಟವರಿಗೆ ದಾಟಲು ಒಂದು ಸೇತುವೆಯನ್ನಾದರೂ ಕೊಡಿ ಎಂಬ ಮಾತು ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಆದರೆ ಎರಡು ಕಿಲೋಮೀಟರಿಗೂ ಮೀರಿದ, ನಡುವೆ ಆಳವಾದ ನೀರಿರುವ ಜಾಗದಲ್ಲಿ ಸೇತುವೆ ಕಟ್ಟಲು ನೂರಾರು ಕೋಟಿ ಬೇಕು, ಆಚೆಗಿರುವ ಮತದಾರರು ಕೆಲವು ಸಾವಿರ. ವಾಹನಗಳ ಸಂಖ್ಯೆಯನ್ನು ಎಣಿಸಿ ಲಾಭ, ವೆಚ್ಚದ ಕೋಷ್ಟಕ ಹಾಕುವ ಯಾವ ಇಲಾಖೆಯ ಪಟ್ಟಿಯಲ್ಲೂ ಇಂಥ ಸೇತುವೆ ಮೇಲಕ್ಕೆ ಬರುವುದಿಲ್ಲ. ರಸ್ತೆಯನ್ನು ರಾಷ್ಟ್ರೀಯ ಹೆದ್ದಾರಿಯ ಪಟ್ಟಿಗೆ ಸೇರಿಸಿ ಕೇಂದ್ರದ ಹಣ ತರುವ ಹಾದಿ ತೆರೆದ ಮೇಲಷ್ಟೇ ಕೆಲಸ ಕಾಗದದಿಂದ ಕೆಳಗಿಳಿಯಿತು.

2018ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು, 2019ರ ಡಿಸೆಂಬರಿನಲ್ಲಿ ಕಾಮಗಾರಿ ಆರಂಭವಾಯಿತು. ಸ್ವಲ್ಪದರಲ್ಲೇ ಕೋವಿಡ್ ಬಂತು. ಮಲೆನಾಡಿನ ಮಳೆಗಾಲದ ನಾಲ್ಕು ತಿಂಗಳು ನೀರಿನ ಮೇಲಿನ ಕೆಲಸ ಎಲ್ಲಿಯಾದರೂ ನಿಧಾನವೇ. ಗಡುವುಗಳು ಮುಂದೆ ಹೋದವು. ಕೊನೆಗೆ ಕೇಂದ್ರ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಆಮಂತ್ರಣದ ವಿಚಾರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಪ್ರಧಾನಿಗೆ ಪತ್ರ ಬರೆದು ಆಕ್ಷೇಪಿಸಿದರು, ಕಾರ್ಯಕ್ರಮಕ್ಕೆ ಹೋಗಲಿಲ್ಲ. ಶ್ರೇಯಸ್ಸು ಯಾರಿಗೆ ಎಷ್ಟು ಸಲ್ಲಬೇಕೆಂಬ ಚರ್ಚೆ ಇಲ್ಲಿಗೆ ಬೇಡ.

ಉದ್ದ, ಅಗಲ, ವೆಚ್ಚ ಎಷ್ಟು? ಕಟ್ಟಿದವರು ಯಾರು?

ಒಟ್ಟು ಉದ್ದ ಸುಮಾರು 2.44 ಕಿಲೋಮೀಟರ್, ಅಗಲ 16 ಮೀಟರ್. ಎರಡು ಪಥದ ರಸ್ತೆ, ಜೊತೆಗೆ ಕಾಲುದಾರಿ. ವೆಚ್ಚ 470 ಕೋಟಿ ರೂಪಾಯಿಗೂ ಹೆಚ್ಚು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಯೋಜನೆಯಿದು, ನಿರ್ಮಾಣ ಮಾಡಿದ್ದು ದಿಲೀಪ್ ಬಿಲ್ಡ್‌ಕಾನ್ ಕಂಪನಿ.

ಇದು ತೂಗುಸೇತುವೆಯೇ?

ಅಲ್ಲ. ಮಲೆನಾಡಿನಲ್ಲಿ ತೂಗುಸೇತುವೆ ಎಂದರೆ ಹೊಳೆಯ ಎರಡು ದಡಗಳಿಗೆ ಉಕ್ಕಿನ ಹಗ್ಗ ಕಟ್ಟಿ, ಅದರಿಂದ ಹಲಗೆಗಳನ್ನು ಇಳಿಬಿಟ್ಟ ಕಾಲುಸೇತುವೆ ನೆನಪಿಗೆ ಬರುತ್ತದೆ. ಅಂಥದ್ದರಲ್ಲಿ ದಡದಿಂದ ದಡಕ್ಕೆ ಜೋತುಬಿದ್ದ ಮುಖ್ಯ ಹಗ್ಗವೇ ಎಲ್ಲ ಭಾರವನ್ನು ಹೊರುತ್ತದೆ, ನಡೆದಾಡುವ ಹಲಗೆ ಆ ಹಗ್ಗದಿಂದ ಇಳಿದ ಕಂಬಿಗಳಲ್ಲಿ ತೂಗುತ್ತದೆ.

ಸಿಗಂದೂರಿನದು ಕೇಬಲ್ ಸೇತುವೆಗಳ ಬಳಗದ್ದು. ಕೇಬಲ್ ಸೇತುವೆಯಲ್ಲಿ ದಡದಿಂದ ದಡಕ್ಕೆ ಹೋಗುವ ಹಗ್ಗವೇ ಇಲ್ಲ. ನೀರಿನ ನಡುವೆ ನಿಂತ ಕಂಬದ ಮೇಲೆ ಒಂದು ಗೋಪುರವಿರುತ್ತದೆ, ಅದನ್ನು ಪೈಲಾನ್ ಎನ್ನುತ್ತಾರೆ. ಅಲ್ಲಿಂದ ಎರಡೂ ಬದಿಗೆ ಓರೆಯಾಗಿ ಇಳಿದ ಕೇಬಲ್‌ಗಳು ರಸ್ತೆಯ ತೊಲೆಯನ್ನು ನೇರವಾಗಿ ಹಿಡಿದಿರುತ್ತವೆ. ಪ್ರತಿ ಕೇಬಲ್ಲೂ ತನ್ನ ಪಾಲಿನ ಭಾರವನ್ನು ಪೈಲಾನಿಗೆ ಒಪ್ಪಿಸುತ್ತದೆ, ಪೈಲಾನ್ ಅದನ್ನು ಕಂಬದ ಮೂಲಕ ನೆಲಕ್ಕೆ ದಾಟಿಸುತ್ತದೆ. ಕೋಲ್ಕತ್ತದಲ್ಲಿ ಹೂಗ್ಲಿ ನದಿಗೆ 1992ರಲ್ಲಿ ತೆರೆದ ವಿದ್ಯಾಸಾಗರ ಸೇತು ಈ ಜಾತಿಯದು. ಅದರ ನಡುವಿನ ಅಂಕಣವೊಂದೇ, ಅಂದರೆ ಎರಡು ಕಂಬಗಳ ನಡುವಿನ ಹರವೊಂದೇ, 457 ಮೀಟರ್ ಉದ್ದವಿದೆ. ಬೆಂಗಳೂರಿನ ಕೆ.ಆರ್. ಪುರದಲ್ಲಿ ರೈಲು ಹಳಿಗಳ ಮೇಲೆ ಹಾದುಹೋಗುವ ಕೇಬಲ್ ಸೇತುವೆಯೂ ಇದೇ ಬಗೆಯದು, ಅದನ್ನು ಜನ ಇಂದಿಗೂ ತೂಗುಸೇತುವೆ ಎಂದೇ ಕರೆಯುತ್ತಾರೆ.

ಸಿಗಂದೂರಿನ ಸೇತುವೆಯಲ್ಲಿ ಗೋಪುರಗಳು ಗಿಡ್ಡವಾಗಿ ಕಾಣುತ್ತವೆ. ಯಾಕೆ?

ಒಳ್ಳೆಯ ಪ್ರಶ್ನೆ, ಏಕೆಂದರೆ ಈ ಸೇತುವೆಯ ವಿಶೇಷವೇ ಅಲ್ಲಿದೆ. ತಾಂತ್ರಿಕವಾಗಿ ಇದನ್ನು ಎಕ್ಸ್‌ಟ್ರಾಡೋಸ್ಡ್ ಸೇತುವೆ ಎನ್ನುತ್ತಾರೆ. ಇದು ಸಾಧಾರಣ ಕಾಂಕ್ರೀಟ್ ತೊಲೆಯ ಸೇತುವೆಗೂ ಪೂರ್ಣ ಕೇಬಲ್ ಸೇತುವೆಗೂ ನಡುವಿನ ಬಗೆ.

ಪೂರ್ವಬಿಗಿತದ ಕಾಂಕ್ರೀಟ್ ತೊಲೆಯಲ್ಲಿ ಉಕ್ಕಿನ ಎಳೆಗಳನ್ನು ಕಾಂಕ್ರೀಟಿನ ಒಳಗೇ ಕೊಳವೆಗಳಲ್ಲಿ ಹಾಯಿಸಿ, ಜಾಕ್ ಹಾಕಿ ಬಿಗಿದು, ಇಡೀ ತೊಲೆಯನ್ನು ಒತ್ತಿ ಹಿಡಿಯುತ್ತಾರೆ. ಹಾಗೆ ಒತ್ತಡದಲ್ಲಿಟ್ಟ ಕಾಂಕ್ರೀಟ್ ಭಾರ ಬಿದ್ದಾಗ ಬಿರಿಯುವುದಿಲ್ಲ. ಆದರೆ ಒಳಗಿರುವ ಎಳೆಗಳಿಗೆ ತೊಲೆಯ ದಪ್ಪಕ್ಕಿಂತ ಮೇಲೆ ಹೋಗಲು ಜಾಗವಿಲ್ಲ. ಅಂಕಣ ಉದ್ದವಾದಷ್ಟೂ ತೊಲೆಯನ್ನು ದಪ್ಪ ಮಾಡಬೇಕು, ದಪ್ಪವಾದಷ್ಟೂ ಅದು ತನ್ನ ಭಾರವನ್ನೇ ಹೊರಲು ಹೆಣಗುತ್ತದೆ. ಎಳೆಗಳನ್ನು ಕಂಬದ ಬಳಿ ಕಾಂಕ್ರೀಟಿನಿಂದ ಹೊರಗೆ ಮೇಲಕ್ಕೆತ್ತಿ, ಒಂದು ಗಿಡ್ಡ ಗೋಪುರದ ಮೇಲೆ ಹಾಯಿಸಿದರೆ ಅದೇ ಉಕ್ಕಿಗೆ ಹೆಚ್ಚಿನ ಹಿಡಿತ ಸಿಗುತ್ತದೆ ಎಂಬ ಆಲೋಚನೆಯನ್ನು ಫ್ರಾನ್ಸಿನ ಎಂಜಿನಿಯರ್ ಜಾಕ್ ಮಾಥಿವಾ 1988ರಲ್ಲಿ ಮುಂದಿಟ್ಟರು. ಜಪಾನಿನ ಒಡವಾರದಲ್ಲಿ 1994ರಲ್ಲಿ ಕಟ್ಟಿದ ಸೇತುವೆಯನ್ನು ಈ ಬಗೆಯ ಮೊದಲನೆಯದೆಂದು ಪರಿಗಣಿಸುತ್ತಾರೆ. ನಮ್ಮ ದೇಶದಲ್ಲಿ ಕೋಲ್ಕತ್ತದ ನಿವೇದಿತಾ ಸೇತು 2007ರಲ್ಲಿ ಬಂತು, ಭರೂಚಿನಲ್ಲಿ ನರ್ಮದೆಯ ಮೇಲಿನ ಸೇತುವೆ 2017ರಲ್ಲಿ ತೆರೆಯಿತು.

ಪೂರ್ಣ ಕೇಬಲ್ ಸೇತುವೆಯಲ್ಲಿ ರಸ್ತೆಯ ಮೇಲಿನ ಗೋಪುರದ ಎತ್ತರ ಮುಖ್ಯ ಅಂಕಣದ ಉದ್ದದ ನಾಲ್ಕನೇ ಅಥವಾ ಐದನೇ ಒಂದು ಭಾಗದಷ್ಟಿರುವುದು ವಾಡಿಕೆ. ಎಕ್ಸ್‌ಟ್ರಾಡೋಸ್ಡ್ ಸೇತುವೆಯಲ್ಲಿ ಅದು ಎಂಟನೇ ಒಂದರಿಂದ ಹದಿನೈದನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಿಗಂದೂರಿನಲ್ಲಿ ಅತಿ ಉದ್ದದ ಅಂಕಣ 177 ಮೀಟರ್. ಪೂರ್ಣ ಕೇಬಲ್ ಸೇತುವೆಯಾಗಿದ್ದರೆ ಗೋಪುರ ರಸ್ತೆಯಿಂದ ಮೇಲೆ 35 ಮೀಟರಿಗೂ ಎತ್ತರ ಇರಬೇಕಿತ್ತು ಎಂಬ ಲೆಕ್ಕ ಹಾಕಿದರೆ, ಇಲ್ಲಿ ಕಾಣುವ ಗಿಡ್ಡತನದ ಕಾರಣ ತಿಳಿಯುತ್ತದೆ. ಇಲ್ಲಿ ಭಾರದ ದೊಡ್ಡ ಪಾಲನ್ನು ಕಾಂಕ್ರೀಟ್ ತೊಲೆಯೇ ಹೊರುತ್ತದೆ, ಕೇಬಲ್‌ಗಳು ನೆರವಿಗಿವೆ. ಇದರಿಂದ ಇನ್ನೊಂದು ಅನುಕೂಲವೂ ಇದೆ: ಲಾರಿ, ಬಸ್ಸುಗಳು ಹಾದುಹೋಗುವಾಗ ಕೇಬಲ್ಲಿನ ಬಿಗಿತದಲ್ಲಿ ಆಗುವ ಏರಿಳಿತ ಕಡಿಮೆ, ಹಾಗಾಗಿ ಉಕ್ಕು ದಣಿದು ಸೋಲುವ ಭಯವೂ ಕಡಿಮೆ.

ಸೇತುವೆಯ ಪೂರ್ತಿ ಉದ್ದಕ್ಕೂ ಕೇಬಲ್ ಇದೆಯೇ?

ಇಲ್ಲ. ನಡುವಿನ ಸುಮಾರು 740 ಮೀಟರ್ ಭಾಗದಲ್ಲಿ ಮಾತ್ರ. ಉಳಿದದ್ದು ಕಂಬದಿಂದ ಕಂಬಕ್ಕೆ ಸಾಗುವ ಕಾಂಕ್ರೀಟ್ ತೊಲೆ. ನಡುವಿನಲ್ಲಿ ನೀರು ಆಳ, ಆಳದಲ್ಲಿ ಪ್ರತಿಯೊಂದು ಕಂಬವೂ ದುಬಾರಿ. ಆದ್ದರಿಂದ ಅಲ್ಲಿ ಕಂಬಗಳನ್ನು ಕಡಿಮೆ ಮಾಡಿ ಅಂಕಣಗಳನ್ನು ಉದ್ದ ಮಾಡಬೇಕಾಯಿತು, ಅದಕ್ಕೆ ಕೇಬಲ್ ಬೇಕಾಯಿತು.

ನೀರು ತುಂಬಿದ ಜಲಾಶಯದ ನಡುವೆ ಕಟ್ಟಿದ್ದು ಹೇಗೆ?

ಮೊದಲ ಹಂತ ಅಡಿಪಾಯ. ನೀರಿನ ಮೇಲೆ ತೇಲುವ ಬಾರ್ಜ್‌ಗಳಲ್ಲಿ ಯಂತ್ರಗಳನ್ನಿಟ್ಟು, ಉಕ್ಕಿನ ಕೊಳವೆಯನ್ನು ಜಲಾಶಯದ ತಳಕ್ಕೆ ಇಳಿಸಿ, ಅದರೊಳಗಿನಿಂದ ಮಣ್ಣು, ಕಲ್ಲುಗಳನ್ನು ಕೊರೆದು ತೆಗೆದು, ಕಬ್ಬಿಣದ ಪಂಜರ ಇಳಿಬಿಟ್ಟು ಕಾಂಕ್ರೀಟ್ ತುಂಬುವುದು ಇಂಥ ಕೆಲಸದ ಪದ್ಧತಿ. ಹೀಗೆ ಇಳಿಸಿದ ಹಲವು ಪೈಲ್‌ಗಳ ತಲೆಗಳನ್ನು ಒಂದು ದಪ್ಪ ಚಪ್ಪಡಿಯಿಂದ ಕಟ್ಟಿ, ಅದರ ಮೇಲೆ ಕಂಬ ಎಬ್ಬಿಸುತ್ತಾರೆ. ಇಲ್ಲಿ ವರ್ಷದುದ್ದಕ್ಕೂ ನೀರಿನ ಮಟ್ಟ ಒಂದೇ ಇರುವುದಿಲ್ಲ. ಬೇಸಿಗೆಯ ಕೊನೆಗೂ ಮಳೆಗಾಲದ ಕೊನೆಗೂ ನಡುವೆ ಮಟ್ಟದಲ್ಲಿ ಬಹಳ ವ್ಯತ್ಯಾಸ. ಮೇ ತಿಂಗಳಿನಲ್ಲಿ ಒಣ ದಿಬ್ಬವಾಗಿದ್ದ ಜಾಗ ಆಗಸ್ಟಿನಲ್ಲಿ ಬಾರ್ಜ್ ತೇಲುವ ಆಳಕ್ಕೆ ಹೋಗುತ್ತದೆ. ಕಾಮಗಾರಿಯ ದಿನದರ್ಶಿಯನ್ನು ಲಿಂಗನಮಕ್ಕಿಯ ನೀರಿನ ಮಟ್ಟವೇ ಬರೆಯುತ್ತಿತ್ತು ಎಂದರೆ ತಪ್ಪಾಗದು.

ಎರಡನೆಯ ಹಂತ ರಸ್ತೆಯ ತೊಲೆ. ಅಷ್ಟು ಆಳದ ನೀರಿನಲ್ಲಿ ಕೆಳಗಿನಿಂದ ಸೆಂಟ್ರಿಂಗ್ ಕೊಟ್ಟು ಕಾಂಕ್ರೀಟ್ ಹಾಕಲಾಗದು. ಅದಕ್ಕೆ ಕಂಬದ ತಲೆಯಿಂದ ಎರಡೂ ಬದಿಗೆ ಸಮಸಮವಾಗಿ ಕೆಲವು ಮೀಟರ್‌ಗಳ ತುಂಡುಗಳನ್ನು ಕಟ್ಟುತ್ತಾ ಹೋಗುತ್ತಾರೆ. ಎಡಕ್ಕೆ ಒಂದು ತುಂಡು ಸೇರಿದರೆ ಬಲಕ್ಕೂ ಒಂದು ಸೇರಬೇಕು, ತಕ್ಕಡಿಯ ಎರಡು ತಟ್ಟೆಗಳ ಹಾಗೆ. ಪ್ರತಿ ತುಂಡಿನ ಕಾಂಕ್ರೀಟ್ ಬಲಿತ ಮೇಲೆ ಅದನ್ನು ಹಿಂದಿನ ತುಂಡಿಗೆ ಉಕ್ಕಿನ ಎಳೆಗಳಿಂದ ಬಿಗಿಯುತ್ತಾರೆ, ಕೇಬಲ್ ಇರುವ ಭಾಗದಲ್ಲಿ ಅದರ ಪಾಲಿನ ಕೇಬಲ್ಲನ್ನೂ ಎಳೆದು ಕಟ್ಟುತ್ತಾರೆ. ಎರಡು ಕಂಬಗಳಿಂದ ಹೊರಟ ತೋಳುಗಳು ನೀರಿನ ಮೇಲೆ ಗಾಳಿಯಲ್ಲಿ ಎದುರುಬದುರಾದಾಗ, ನಡುವೆ ಉಳಿದ ಕಿರಿದಾದ ಸಂದಿಗೆ ಕೊನೆಯ ತುಂಡನ್ನು ಹಾಕುತ್ತಾರೆ. ಎರಡೂ ತುದಿಗಳ ಎತ್ತರ ಅಲ್ಲಿ ಸರಿಯಾಗಿ ಕೂಡಬೇಕು. ತುಂಡುಗಳು ತಮ್ಮ ಭಾರಕ್ಕೆ ಎಷ್ಟು ಬಾಗುತ್ತವೆ, ದಿನಗಳೆದಂತೆ ಕಾಂಕ್ರೀಟ್ ಎಷ್ಟು ಕುಗ್ಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಎಷ್ಟು ಹಿಗ್ಗುತ್ತದೆ ಎಂಬುದನ್ನೆಲ್ಲ ಮೊದಲೇ ಲೆಕ್ಕಹಾಕಿ, ಆ ಮೇರೆಗೆ ಅಚ್ಚನ್ನು ಸ್ವಲ್ಪ ಮೇಲಕ್ಕೆತ್ತಿ ಕಟ್ಟಿರುತ್ತಾರೆ.

ಇದು ದೇಶದ ಎರಡನೇ ಅತಿ ಉದ್ದದ ಕೇಬಲ್ ಸೇತುವೆ ಎನ್ನುವುದು ನಿಜವೇ?

ಯಾವುದನ್ನು ಅಳೆಯುತ್ತೀರಿ ಎಂಬುದರ ಮೇಲೆ ನಿಂತಿದೆ. ಮೊದಲ ಸ್ಥಾನವನ್ನು ಸಾಮಾನ್ಯವಾಗಿ ಗುಜರಾತಿನ ಓಖಾ ಮತ್ತು ಬೇಟ್ ದ್ವಾರಕಾಗಳ ನಡುವೆ 2024ರ ಫೆಬ್ರುವರಿಯಲ್ಲಿ ತೆರೆದ ಸುದರ್ಶನ ಸೇತುವಿಗೆ ಕೊಡುತ್ತಾರೆ. ಅದರ ಒಟ್ಟು ಉದ್ದ ಸುಮಾರು 2.32 ಕಿಲೋಮೀಟರ್, ಕೇಬಲ್ ಇರುವ ಭಾಗ ಸುಮಾರು 900 ಮೀಟರ್. ಒಟ್ಟು ಉದ್ದ ನೋಡಿದರೆ ಸಿಗಂದೂರಿನದೇ ಹೆಚ್ಚು. ಕೇಬಲ್ ಭಾಗ ಮಾತ್ರ ನೋಡಿದರೆ ಸುದರ್ಶನ ಸೇತು ಮುಂದಿದೆ, ಆದರೆ ಆಗ ನರ್ಮದೆಯ ಮೇಲಿನ 1.3 ಕಿಲೋಮೀಟರಿನ ಎಕ್ಸ್‌ಟ್ರಾಡೋಸ್ಡ್ ಸೇತುವೆ, 880 ಮೀಟರಿನ ನಿವೇದಿತಾ ಸೇತು, 823 ಮೀಟರಿನ ವಿದ್ಯಾಸಾಗರ ಸೇತುಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಅಂಕಣದ ಉದ್ದ ಹಿಡಿದರೆ ವಿದ್ಯಾಸಾಗರ ಸೇತುವಿನ ಮುಂದೆ ನಮ್ಮದು ಬಹಳ ಚಿಕ್ಕದು. ಯಾವ ಅಳತೆ ಹಿಡಿದರೂ ಸರಿಯಾಗಿ ಎರಡನೆಯ ಸ್ಥಾನವೇ ಸಿಗುವುದು ಕಷ್ಟ. ಫಲಕಕ್ಕೆ, ಭಾಷಣಕ್ಕೆ ಇಂಥ ದಾಖಲೆ ಬೇಕಾಗಬಹುದು. ಕಳಸವಳ್ಳಿಯವರಿಗೆ ಬೇಕಾದದ್ದು ರಾತ್ರಿ ದಾಟಬಹುದೇ ಎಂಬುದಷ್ಟೇ.

ಗಾಳಿ, ಮಳೆ, ತುಕ್ಕುಗಳಿಂದ ಕೇಬಲ್‌ಗಳಿಗೆ ಅಪಾಯವಿಲ್ಲವೇ?

ಕೇಬಲ್ ಎಂದು ಕಾಣುವುದು ಹೊರಗಿನ ಪ್ಲಾಸ್ಟಿಕ್ ಕೊಳವೆ. ಇಂಥ ಸೇತುವೆಗಳಲ್ಲಿ ಸಾಮಾನ್ಯವಾಗಿ ಅದರೊಳಗೆ ಏಳು ತಂತಿಗಳನ್ನು ಹೊಸೆದ ಉಕ್ಕಿನ ಎಳೆಗಳು ಹತ್ತಾರು ಇರುತ್ತವೆ. ತಂತಿಗೆ ಸತುವಿನ ಲೇಪ, ಎಳೆಗೆ ಮೇಣದ ತುಂಬುವಿಕೆ ಮತ್ತು ಪ್ಲಾಸ್ಟಿಕ್ ಹೊದಿಕೆ, ಎಲ್ಲಕ್ಕೂ ಮೇಲೆ ಕೊಳವೆ, ಹೀಗೆ ಪದರ ಪದರವಾಗಿ ರಕ್ಷಣೆ. ಕಾಳಜಿ ವಹಿಸಬೇಕಾದ ಜಾಗ ಕೇಬಲ್ಲಿನ ನಡುಭಾಗವಲ್ಲ, ಅದರ ಕೆಳತುದಿ. ಕೊಳವೆಯ ಮೇಲೆ ಇಳಿದ ಮಳೆನೀರು, ಕೇಬಲ್ಲನ್ನು ತೊಲೆಗೆ ಬಿಗಿದ ಆಂಕರ್ ಬಳಿ ನಿಂತರೆ ತುಕ್ಕು ಅಲ್ಲಿಂದ ಶುರುವಾಗುತ್ತದೆ. ಕಡಲ ಉಪ್ಪುಗಾಳಿ ನೇರವಾಗಿ ಬಡಿಯುವ ಜಾಗ ಇದಲ್ಲವಾದರೂ, ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಲೆನಾಡಿನ ಮಳೆಯಲ್ಲಿ ಆ ತುದಿಗಳನ್ನು ವರ್ಷವರ್ಷವೂ ತೆರೆದು ನೋಡುವ ಶಿಸ್ತು ಬೇಕು. ಕಟ್ಟುವುದಕ್ಕೆ ನೂರಾರು ಕೋಟಿ ಹೊಂದಿಸುವ ನಮ್ಮ ವ್ಯವಸ್ಥೆ ನಿರ್ವಹಣೆಗೆ ಲಕ್ಷಗಳನ್ನು ಹೊಂದಿಸಲು ಹಿಂದೇಟು ಹಾಕುವುದನ್ನು ಬೇರೆ ಸೇತುವೆಗಳಲ್ಲಿ ನೋಡಿರುವುದರಿಂದ ಈ ಮಾತು.

ಒಂದು ಕೇಬಲ್ ಹಾಳಾದರೆ ಸೇತುವೆ ಬೀಳುತ್ತದೆಯೇ?

ಇಲ್ಲ. ಒಂದು ಕೇಬಲ್ಲನ್ನು ಬಿಚ್ಚಿ ಹೊಸದನ್ನು ಹಾಕುವಾಗಲೂ ಸೇತುವೆ ನಿಲ್ಲಬೇಕೆಂಬುದು ಇಂಥ ವಿನ್ಯಾಸಗಳ ಮೂಲ ನಿಯಮಗಳಲ್ಲೊಂದು. ಎಕ್ಸ್‌ಟ್ರಾಡೋಸ್ಡ್ ಬಗೆಯಲ್ಲಿ ತೊಲೆಯೇ ಗಟ್ಟಿಯಾಗಿರುವುದು ಇನ್ನಷ್ಟು ಭರವಸೆ ಕೊಡುತ್ತದೆ.

ಸೇತುವೆಯ ಮೇಲೆ ಗಾಡಿ ಹೋಗುವಾಗ ಅಲ್ಲಲ್ಲಿ ದಡಕ್ ಎನ್ನುತ್ತದೆ. ಬಿರುಕಿದೆಯೇ?

ಅದು ಬಿರುಕಲ್ಲ, ಹಿಗ್ಗುವಿಕೆಗೆಂದು ಬಿಟ್ಟಿರುವ ಕೀಲು. ನೂರು ಮೀಟರ್ ಉದ್ದದ ಕಾಂಕ್ರೀಟ್ 20 ಡಿಗ್ರಿ ಬಿಸಿಯಾದರೆ ಸುಮಾರು 2 ಸೆಂಟಿಮೀಟರ್ ಹಿಗ್ಗುತ್ತದೆ. ಎರಡು ಕಿಲೋಮೀಟರಿಗೂ ಮೀರಿದ ಸೇತುವೆಗೆ ಅಷ್ಟಷ್ಟು ಜಾಗ ಬಿಡಲೇಬೇಕು.

ಲಾಂಚ್ ನಿಂತುಹೋಯಿತೇ?

ಹೊಳೆಬಾಗಿಲಿನಲ್ಲಿ ವಾಹನಗಳನ್ನು ದಾಟಿಸುವ ನಿತ್ಯದ ಸೇವೆಗೆ ಸೇತುವೆ ತೆರೆದ ಮೇಲೆ ಅಗತ್ಯ ಉಳಿಯಲಿಲ್ಲ. ಆದರೆ ಹಿನ್ನೀರಿನ ಲಾಂಚ್ ಎಂದರೆ ಇದೊಂದೇ ಅಲ್ಲ ಎಂಬುದನ್ನು ಹೊರಗಿನವರು ಮರೆಯುತ್ತಾರೆ. ಹಸಿರುಮಕ್ಕಿಯಲ್ಲೂ ಹಲ್ಕೆ ಮತ್ತು ಮುಪ್ಪಾನೆಗಳ ನಡುವೆಯೂ ಜನ ಲಾಂಚನ್ನೇ ನಂಬಿ ಬದುಕಿದವರು. ಹಸಿರುಮಕ್ಕಿಗೆ ಪ್ರತ್ಯೇಕ ಸೇತುವೆಯ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಗಿದೆ.

ಸಾಗರದಿಂದ ಸಿಗಂದೂರಿಗೆ, ಅಲ್ಲಿಂದ ಕೊಲ್ಲೂರಿಗೆ ಹೋಗುವುದು ಹೇಗೆ?

ಸಾಗರದಿಂದ ಆವಿನಹಳ್ಳಿಯ ಮೇಲೆ ಹೊಳೆಬಾಗಿಲಿಗೆ ಬಂದು ಸೇತುವೆ ದಾಟಿದರೆ ಸಿಗಂದೂರು. ಅಲ್ಲಿಂದ ತುಮರಿ, ನಿಟ್ಟೂರು, ನಾಗೋಡಿಗಳ ಮೂಲಕ ಘಟ್ಟ ಇಳಿದರೆ ಕೊಲ್ಲೂರು. ಎರಡೂ ದೇವಸ್ಥಾನಗಳನ್ನು ಒಂದೇ ದಿನ ನೋಡಬಹುದು, ಲಾಂಚಿನ ಸಾಲಿನ ಲೆಕ್ಕ ಈಗ ಬೇಡ. ಆದರೆ ಸೇತುವೆಯ ಆಚೆಗಿನ ರಸ್ತೆ ಸೇತುವೆಯಷ್ಟು ಅಗಲವಿಲ್ಲ, ತಿರುವುಗಳು ಹೆಚ್ಚು, ಮಳೆಗಾಲದಲ್ಲಿ ನಾಗೋಡಿ ಘಾಟಿಯಲ್ಲಿ ಮಂಜು ದಟ್ಟವಾಗಿರುತ್ತದೆ. ಸಂಕ್ರಾಂತಿಯ ಜಾತ್ರೆ ಮತ್ತು ನವರಾತ್ರಿಯ ದಿನಗಳಲ್ಲಿ ಸಿಗಂದೂರಿನಲ್ಲಿ ಜನಸಂದಣಿ ಬಹಳ.

ದೇವಸ್ಥಾನದ ಪ್ರಭಾವ ಎಷ್ಟೆಂದು ತಿಳಿಯಲು ದೇವಸ್ಥಾನದವರೆಗೆ ಹೋಗಬೇಕಾಗಿಲ್ಲ. ಮಲೆನಾಡು, ಕರಾವಳಿಗಳ ಅಡಿಕೆ ತೋಟಗಳ ಬೇಲಿಯಲ್ಲಿ, ಕಟ್ಟುತ್ತಿರುವ ಮನೆಗಳ ಮುಂದೆ, ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬ ಸಣ್ಣ ತಗಡಿನ ಫಲಕಗಳು ಕಾಣುತ್ತವೆ. ಕಳ್ಳರ ಭಯಕ್ಕೆ ಬೀಗಕ್ಕಿಂತ ಆ ಫಲಕವನ್ನೇ ಹೆಚ್ಚು ನಂಬುವವರಿದ್ದಾರೆ.

ಸೇತುವೆಯ ಮೇಲೆ ವಾಹನ ನಿಲ್ಲಿಸಿ ಫೋಟೋ ತೆಗೆಯಬಹುದೇ?

ನಿಲ್ಲಿಸಬೇಡಿ. ಅದು ಎರಡೇ ಪಥದ ಹೆದ್ದಾರಿ. ನಡುವೆ ಒಂದು ಕಾರು ನಿಂತರೆ ಹಿಂದಿನಿಂದ ಬರುವ ಆಂಬ್ಯುಲೆನ್ಸ್‌ಗೆ ಎದುರು ಬದಿಯೇ ಗತಿ. ದಡದಲ್ಲಿ ಗಾಡಿ ಬಿಟ್ಟು ಕಾಲುದಾರಿಯಲ್ಲಿ ನಡೆದು ನೋಡಿ. ನೋಟವೂ ಹಾಗೆಯೇ ಚೆನ್ನ.

ನೀರು ತುಂಬಿದ್ದನ್ನು ನೋಡಲು ಯಾವ ಕಾಲ ಒಳ್ಳೆಯದು?

ಮಳೆ ಹಿಡಿದ ವರ್ಷಗಳಲ್ಲಿ ಆಗಸ್ಟಿನಿಂದ ಡಿಸೆಂಬರ್‌ವರೆಗೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನೀರು ಇಳಿದು ದಡದುದ್ದಕ್ಕೂ ಕೆಂಪು ಮಣ್ಣಿನ ಪಟ್ಟೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ, ಅಲ್ಲಲ್ಲಿ ಆರು ದಶಕಗಳ ಹಿಂದೆ ಮುಳುಗಿದ ಮರಗಳ ಕರಿಯ ಬೊಡ್ಡೆಗಳು ತಲೆಯೆತ್ತುತ್ತವೆ. ನೀರು ತೀರ ಇಳಿದ ವರ್ಷಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಹೆಚ್ಚಾದ ನೀರನ್ನು ಹೊರಬಿಡುತ್ತಿದ್ದ ತನ್ನ ದುಂಡನೆಯ ಸೈಫನ್‌ಗಳ ಸಮೇತ ಹೊರಗೆ ಕಾಣುತ್ತದೆ. ಪ್ರವಾಸಿಗರಿಗೆ ತುಂಬಿದ ಹಿನ್ನೀರು ಇಷ್ಟವಾಗುವುದು ಸಹಜ, ಆದರೆ ಈ ನೆಲದ ಕಥೆ ತಿಳಿಯಬೇಕೆಂದಿದ್ದರೆ ಬೇಸಿಗೆಯಲ್ಲೊಮ್ಮೆ ಬನ್ನಿ.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೂ ಈ ಸೇತುವೆಗೂ ಸಂಬಂಧವಿದೆಯೇ?

ಇಲ್ಲ. ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ಆ 2000 ಮೆಗಾವಾಟ್ ಯೋಜನೆ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನದು.

ಸೇತುವೆಯಿಂದ ಕಾಡಿಗೆ, ಊರಿಗೆ ತೊಂದರೆಯಾಗುವುದಿಲ್ಲವೇ?

ಆಗಬಹುದು. ಹಿನ್ನೀರಿನ ಸುತ್ತಲಿನ ಬಹುಭಾಗ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿದ್ದು, ಸಿಂಗಳೀಕಗಳ ನೆಲೆ. ಲಾಂಚಿನ ಕಾಲದಲ್ಲಿ ಒಂದು ದಿನಕ್ಕೆ ಎಷ್ಟು ವಾಹನ ದಾಟಬಹುದೆಂಬುದಕ್ಕೆ ಲಾಂಚಿನ ಅಳತೆಯೇ ಮಿತಿಯಾಗಿತ್ತು, ಕತ್ತಲಾದ ಮೇಲೆ ಕಾಡಿಗೂ ವಿಶ್ರಾಂತಿಯಿತ್ತು. ಆ ಮಿತಿ ಈಗ ಹೋಗಿದೆ. ದಡದ ಜಾಗಗಳ ಬೆಲೆ ಏರುವುದು, ಹೋಂಸ್ಟೇ, ರೆಸಾರ್ಟ್‌ಗಳು ಬರುವುದು, ಪ್ಲಾಸ್ಟಿಕ್ ಕಸ ಹಿನ್ನೀರಿಗೆ ಬೀಳುವುದು ಬೇರೆ ಕಡೆ ಆದಂತೆ ಇಲ್ಲಿಯೂ ಆಗದಿರಲು ಕಾರಣವಿಲ್ಲ. ಆದರೆ ಈ ವಾದವನ್ನು ಹಿಡಿದು ಸೇತುವೆಯೇ ಬೇಡವಾಗಿತ್ತು ಎನ್ನುವವರಿಗೆ ನನ್ನ ಸಹಮತವಿಲ್ಲ. ಕಾಡನ್ನು ಉಳಿಸುವ ಹೊಣೆಯನ್ನು ಹೆರಿಗೆಗೆ ಲಾಂಚ್ ಕಾಯುವ ಹೆಂಗಸಿನ ಮೇಲೆ ಹೊರಿಸುವುದು ನ್ಯಾಯವಲ್ಲ. ರಾತ್ರಿಯ ವೇಳೆ ಪ್ರವಾಸಿ ವಾಹನಗಳಿಗೆ ಮಿತಿ, ದಡದ ಕಟ್ಟಡಗಳಿಗೆ ಕಟ್ಟುನಿಟ್ಟು, ಪಂಚಾಯಿತಿಗಳಿಗೆ ಕಸ ವಿಲೇವಾರಿಯ ಹಣ, ಇವು ಮಾಡಬಹುದಾದ ಕೆಲಸಗಳು.

ಸೇತುವೆ ಬಂದ ಮೇಲೆ ಹಿನ್ನೀರಿನ ಜನರ ಸಮಸ್ಯೆಗಳು ಮುಗಿದವೇ?

ದಾಟುವ ಸಮಸ್ಯೆ ಮುಗಿಯಿತು, ಅದು ದೊಡ್ಡದೇ. ಆದರೆ ಸೇತುವೆ ಸಾಗರದ ಆಸ್ಪತ್ರೆಯನ್ನು ಹತ್ತಿರ ಮಾಡಿದೆಯೇ ಹೊರತು ತುಮರಿಯಲ್ಲಿ ರಾತ್ರಿ ಉಳಿಯುವ ವೈದ್ಯರನ್ನು ತಂದಿಲ್ಲ. ಒಳಗಿನ ಹಳ್ಳಿಗಳಿಂದ ಹೆದ್ದಾರಿಗೆ ಬರುವ ರಸ್ತೆಗಳು ಸುಧಾರಿಸಬೇಕು, ಸಂಜೆಯ ಮೇಲೂ ಬಸ್ ಓಡಬೇಕು. ಇಲ್ಲದಿದ್ದರೆ ಸ್ವಂತ ವಾಹನವಿಲ್ಲದವರಿಗೆ ಸಂಜೆಯ ಗಡುವು ಲಾಂಚಿನಿಂದ ಬಸ್ಸಿಗೆ ವರ್ಗವಾಯಿತು ಎಂದಷ್ಟೇ ಅರ್ಥ.

ಇದಕ್ಕಿಂತ ಹಳೆಯ ಬಾಕಿ ಭೂಮಿಯದು. ಮುಳುಗಡೆಯಾದವರಿಗೆ ಅಂದು ಕಾಡಿನ ಅಂಚುಗಳಲ್ಲಿ ತೋರಿಸಿದ ಜಾಗಗಳು ಕಂದಾಯ ದಾಖಲೆಗಳಲ್ಲಿ ಅವರ ಹೆಸರಿಗೆ ಪೂರ್ಣವಾಗಿ ಬಂದಿಲ್ಲ. ಆ ಜಾಗಗಳನ್ನು ಅರಣ್ಯದ ಪಟ್ಟಿಯಿಂದ ಕೈಬಿಟ್ಟಿದ್ದ ಹಳೆಯ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದ ಮೇಲೆ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಪಹಣಿಯಿಲ್ಲದ ತೋಟಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಬೆಳೆ ಹೋದರೆ ಪರಿಹಾರವೂ ಇಲ್ಲ. ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯುತ್ತಿದ್ದವರು ಈಗ ಅದೇ ದಾಖಲೆಗಳ ಚೀಲ ಹಿಡಿದು ಸೇತುವೆ ದಾಟಿ ಸಾಗರದ ತಾಲ್ಲೂಕು ಕಚೇರಿಗೆ ಬೇಗ ತಲುಪುತ್ತಾರೆ, ಅಲ್ಲಿ ಕಾಯುತ್ತಾರೆ.